ಅರವತ್ತೊಂದು ಅಂಕದ ಸೇತುವೆ

ಸೇತುವೆ ಗಟ್ಟಿಯಾಗಿರುವುದೇ ನಮ್ಮ ಊರಿಗೆ ದೊಡ್ಡ ತಲೆನೋವಾಗಿತ್ತು. ಹಳೆಯ ಕಾಲದ ಕಲ್ಲಿನ ಕಮಾನು, ಮೇಲೆ ಒಂದೇ ಗಾಡಿ ಹಿಡಿಸುವಷ್ಟು ಅಗಲ. ಆ ಕಡೆಯಿಂದ ಲಾರಿ ಬಂದರೆ ಈ ಕಡೆಯದು ಹಿಂದಕ್ಕೆ ಸರಿಯಬೇಕು. ಯಾರು ಸರಿಯಬೇಕೆಂದು ತೀರ್ಮಾನವಾಗುವಷ್ಟರಲ್ಲಿ ಇಬ್ಬರ ಮನೆತನದ ಮರ್ಯಾದೆಯೂ ನದಿಗೆ ಬಿದ್ದಿರುತ್ತಿತ್ತು. ಬಸ್ಸಿನವರಂತೂ ಸೇತುವೆ ಹತ್ತುವುದನ್ನೇ ಬಿಟ್ಟಿದ್ದರು. ಆಚೆ ದಡದಲ್ಲಿ ಎಲ್ಲರನ್ನೂ ಇಳಿಸಿ, "ನಡ್ಕೊಂಡ್ ಹೋಗಿ, ಆರೋಗ್ಯಕ್ಕೆ ಒಳ್ಳೇದು" ಅನ್ನುತ್ತಿದ್ದರು. ಗ್ಯಾಸ್ ಸಿಲಿಂಡರು, ಸಿಮೆಂಟಿನ ಚೀಲ, ಕಾಲು ಮುರಿದುಕೊಂಡ ಅಜ್ಜ, ಎಲ್ಲವೂ ಕೈಗಾಡಿಯಲ್ಲೇ ಊರೊಳಗೆ ಬರಬೇಕು.

ಸರ್ಕಾರದ ಬಳಿ ಹಣವಿರಲಿಲ್ಲ ಎಂದಲ್ಲ. ಸಣ್ಣ ಊರುಗಳ ರಸ್ತೆ, ಸೇತುವೆಗೆಂದೇ ಒಂದು ಯೋಜನೆಯಿತ್ತು. ಎರಡು ವರ್ಷಕ್ಕೊಮ್ಮೆ ಇಲಾಖೆಯ ಇಂಜಿನಿಯರು ಬಂದು, ಸೇತುವೆಯನ್ನು ತಟ್ಟಿ ಬಡಿದು ನೋಡಿ, ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಐವತ್ತಕ್ಕಿಂತ ಕಡಿಮೆ ಬಂದರೆ ಹೊಸ ಸೇತುವೆ. ಹೆಚ್ಚು ಬಂದರೆ ಬರಿಯ ಶಹಭಾಸ್. ಅಂಕವೆಲ್ಲ ಗಟ್ಟಿತನಕ್ಕೆ, ಅಗಲಕ್ಕೆ ಒಂದು ಅಂಕವೂ ಇಲ್ಲ. ಈ ನಿಯಮ ಮಾಡಿದ ಪುಣ್ಯಾತ್ಮ ಜೀವಮಾನದಲ್ಲಿ ಎದುರು ಲಾರಿ ಕಂಡವನಲ್ಲ. ನಮ್ಮ ಸೇತುವೆಗೆ ಪ್ರತಿ ಸಲ ಅರವತ್ತೊಂದು ಬರುತ್ತಿತ್ತು. ಊರಿನ ಯಾವ ಹುಡುಗನಿಗೂ ಯಾವ ಪರೀಕ್ಷೆಯಲ್ಲೂ ಅಷ್ಟು ಬಂದದ್ದಿಲ್ಲ.

ಅದಕ್ಕೆಲ್ಲ ಕಾರಣ ಪುರಸಭೆಯ ಒಬ್ಬ ನೌಕರ. ಮಕ್ಕಳು ಅವನನ್ನು ಸೇತುವೆ ಮಾವ ಎನ್ನುತ್ತಿದ್ದರು, ದೊಡ್ಡವರಿಗೂ ಅದೇ ರೂಢಿಯಾಗಿತ್ತು. ಬೆಳಕು ಹರಿಯುತ್ತಲೇ ತಂತಿ ಬ್ರಷ್ಷು, ಕೆರೆಯುವ ಕತ್ತಿ, ಗಾರೆಯ ಬಕೆಟ್ಟು ಹಿಡಿದು ಬರುವನು. ಮಳೆನೀರು ಇಳಿಯುವ ತೂಬುಗಳಿಗೆ ಒಂದೊಂದಾಗಿ ಕಂಬಿ ತೂರಿಸುವನು. ಕಲ್ಲಿನ ಸಂದಿಯಲ್ಲಿ ಏನಾದರೂ ಚಿಗುರಿದ್ದರೆ ಎರಡೇ ಎಲೆ ಇರುವಾಗ ಬೆರಳಲ್ಲಿ ಹಿಡಿದು, ತಿರುವಿ, ಬೇರು ಸಮೇತ ಎತ್ತಿಬಿಡುವನು. "ನಾಲ್ಕೆಲೆ ಬಂದ್ಮೇಲೆ ಅದು ಗಿಡ ಅಲ್ಲ, ಬಾಡಿಗೆದಾರ," ಎನ್ನುವನು. "ಸುಮ್ನೆ ಎದ್ದು ಹೋಗಲ್ಲ."

ಅವನ ಮನೆ ಆಚೆ ದಡದಲ್ಲಿ, ಬಸ್ಸು ನಿಲ್ಲುವ ಕಡೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಆಕೆಯ ನಾಲಿಗೆ ಸೂಜಿಗಿಂತ ಚೂಪು. "ಆ ಸೇತುವೆನೇ ಕಟ್ಕೋಬೇಕಿತ್ತು ನೀವು. ಅದಾದ್ರೆ ಎದುರು ಮಾತಾಡ್ತಿರ್ಲಿಲ್ಲ," ಎನ್ನುವಳು. ಅವನು ನಕ್ಕು ಉಗುರಿನೊಳಗಿನ ಗಾರೆ ಕೆರೆದುಕೊಳ್ಳುವನು.

ಪುರಸಭೆಯ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ಅವನ ಸ್ವಂತ ಅಕ್ಕ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿದವಳು, ಬೈದು ಓದಿಸಿದವಳು, ಮದುವೆ ಮಾಡಿದವಳು ಅವಳೇ. ಅವಳು ಹಾಕಿದ ಗೆರೆ ಅವನು ದಾಟಿದವನಲ್ಲ. ಹೊಸ ಸೇತುವೆ ತರುತ್ತೇನೆ ಎಂದು ಮಾತು ಕೊಟ್ಟು ಅಕ್ಕ ಗೆದ್ದಿದ್ದಳು. ರಾಜಧಾನಿಗೆ ಅಲೆದಲೆದು ಚಪ್ಪಲಿ ಸವೆಸಿದ್ದಳು. ಕೊನೆಗೆ ಅಲ್ಲಿಯ ಗುಮಾಸ್ತನೊಬ್ಬ ಕನಿಕರಪಟ್ಟು, "ಅಮ್ಮ, ನಿಮ್ಮ ಸೇತುವೆ ಬೀಳೋ ಹಾಗಾದ್ಮೇಲೆ ಬನ್ನಿ," ಎಂದು ಹೇಳಿ ಕಳಿಸಿದ.

ಮರಳಿ ಬಂದವಳೇ ತಮ್ಮನನ್ನು ಮನೆಗೆ ಕರೆಸಿದಳು. ಊಟ ಬಡಿಸಿ ಎದುರಿಗೆ ಕುಳಿತಳು.

"ಎರಡು ವರ್ಷ ಕೈ ಕಟ್ಟಿ ಕೂತ್ಕೋ."

"ಕೂತ್ಕೊಂಡು?"

"ಕೂತ್ಕೊಂಡು ಏನಿಲ್ಲ. ಸಂಬಳ ಬರುತ್ತೆ. ಮುಂದಿನ ಸಲ ನಲವತ್ತೊಂಬತ್ತು ಬಂದ್ರೆ ಸಾಕು."

ಅವನ ಕೈ ತಟ್ಟೆಯಲ್ಲೇ ನಿಂತಿತು. "ಅಕ್ಕ, ಒಂದ್ಸಲ ನೀರು ಒಳಗೆ ಹೊಕ್ರೆ ಮುಗೀತು. ಆಮೇಲೆ ನಾನು ತಲೆಕೆಳಗಾಗಿ ನಿಂತ್ರೂ ಸರಿಯಾಗಲ್ಲ."

"ಮುಗೀಲಿ ಅಂತಾನೇ ಕಣೋ ಹೇಳ್ತಿರೋದು."

ಅಕ್ಕ ನೀರಿನ ಲೋಟ ಮುಂದೆ ಸರಿಸಿದಳು. "ಅಮ್ಮನ್ನ ಕೈಗಾಡೀಲಿ ತಳ್ಕೊಂಡು ಹೋಗಿದ್ದು ಮರೆತ್ಯಾ? ಆಂಬುಲೆನ್ಸು ಆಚೆ ನಿಂತಿತ್ತು. ಸೇತುವೆ ಮಧ್ಯದಲ್ಲಿ ಇಟ್ಟಿಗೆ ಲಾರಿ."

ಅವನು ಮರೆತಿರಲಿಲ್ಲ. ಗಾಡಿ ತಳ್ಳಿದವನೇ ಅವನು. ತಟ್ಟೆ ಖಾಲಿ ಮಾಡಿ, ಕೈ ತೊಳೆದು, "ಆಯ್ತು," ಎಂದ.

ಸುಮ್ಮನಿರುವುದು ಅವನಿಗೆ ಮಾಡಿ ಗೊತ್ತಿರಲಿಲ್ಲ. ಮೊದಲು ತನ್ನ ಮನೆಯ ಸೂರಿನ ನೀರು ಹರಿಯುವ ದೋಣಿಗಳನ್ನೆಲ್ಲ ಕೆರೆದ, ಆಮೇಲೆ ಅಕ್ಕಪಕ್ಕದವರದು. ಹೊಲಿಗೆ ಯಂತ್ರಕ್ಕೆ ದಿನಾ ಎಣ್ಣೆ ಬಿಟ್ಟು ಬಿಟ್ಟು ಗಿರಾಕಿಯೊಬ್ಬಳ ಬಿಳಿ ಸೀರೆಗೆ ಕಲೆಯಾಯಿತು. "ನಿಮ್ಗೊಂದು ಸೇತುವೆ ಹುಡುಕಿ ಕೊಡ್ಲಾ?" ಎಂದು ಹೆಂಡತಿ ಯಂತ್ರವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತಳು.

ಮಳೆಗಾಲ ಬಂತು. ತೂಬುಗಳು ಕಟ್ಟಿಕೊಂಡವು. ಸೇತುವೆಯ ಮೇಲೆ ನೀರು ನಿಂತು, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಇಳಿದು, ಕಮಾನಿನ ಹೊಟ್ಟೆಯಲ್ಲಿ ಬಿಳಿಯ ಕಲೆಗಳಾಗಿ ಹೊರಬಂತು. ಮೂರನೆಯ ಸಂದಿಯಲ್ಲಿ ಒಂದು ಅತ್ತಿಯ ಸಸಿ ಎರಡೆಲೆ ಬಿಟ್ಟಿತು. ಅಕ್ಕನ ಮನೆಗೆ ಹೊರಟಿದ್ದವನು ಅದನ್ನು ಕಂಡು ನಿಂತ, ಬಗ್ಗಿದ, ಬೆರಳು ಚಾಚಿದ. ಆಮೇಲೆ ನೆಟ್ಟಗಾಗಿ ಎರಡೂ ಕೈ ಜೇಬಿಗೆ ಹಾಕಿಕೊಂಡು ನಡೆದ.

ಸೇತುವೆಯ ಈ ತುದಿಯಲ್ಲಿ ಕ್ಷೌರದ ಅಂಗಡಿ. ಕ್ಷೌರಿಕ ಎಲ್ಲವನ್ನೂ ನೋಡುತ್ತಿದ್ದ, ನೋಡಿದ್ದನ್ನೆಲ್ಲ ಹೇಳುತ್ತಿದ್ದ. ಅವನೇ ಮೊದಲು ಗಡ್ಡದ ಬಟ್ಟಲಲ್ಲಿ ನೀರು ತಂದು ಆ ಸಸಿಗೆ ಹೊಯ್ದದ್ದು. "ನೀನು ಬೆಳೆದ್ರೆ ಊರು ಬೆಳೆಯುತ್ತೆ, ತಾಯೀ," ಎಂದು ಕೈ ಮುಗಿದ. ಆಮೇಲೆ ಅದೇ ಒಂದು ಆಟವಾಯಿತು. ದಾಟುವವರೆಲ್ಲ ಬಾಟಲಿಯಲ್ಲಿ ಉಳಿದದ್ದನ್ನು ಅದಕ್ಕೆ ಸುರಿಯುವುದು, ಇವತ್ತು ಎಷ್ಟೆಲೆ ಎಂದು ವಿಚಾರಿಸುವುದು. ಒಂದು ಸಂಜೆ ಅಕ್ಕನೂ ನಿಂತು, ಚೀಲದಿಂದ ಬಾಟಲಿ ತೆಗೆದು, ಸೆರಗು ಒದ್ದೆಯಾಗದಂತೆ ಬಗ್ಗಿ ನೀರು ಹಾಕಿದಳು. ತಮ್ಮ ಪಕ್ಕದಲ್ಲೇ ಇದ್ದ. "ಮುಖ ಯಾಕೋ ಹಂಗೆ ಮಾಡ್ಕೊಂಡಿದೀಯ, ಗಿಡ ಅಲ್ವೇನೋ," ಎಂದು ನಕ್ಕಳು.

ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಸೊಂಟದೆತ್ತರ ಬೆಳೆದು, ಒಂದು ಕಲ್ಲನ್ನು ಪಕ್ಕಕ್ಕೆ ತಳ್ಳಿ ನಿಂತಿತ್ತು.

ಇಂಜಿನಿಯರು ಬಂದಳು. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಸುತ್ತಿಗೆ, ನಗು ಕಡಿಮೆ. ಕಮಾನಿನ ಕೆಳಗೆ ಏಣಿ ಹಾಕಿಸಿ ಹತ್ತಿದಳು, ಕಲ್ಲು ಕಲ್ಲಿಗೂ ಬಡಿದು ಕಿವಿಯಿಟ್ಟು ಕೇಳಿದಳು. ಊರಿನ ಅರ್ಧ ಜನ ತಡೆಗೋಡೆಗೆ ಒರಗಿ ನಿಂತಿದ್ದರು. ಕೊನೆಗೆ ಮೇಲೆ ಬಂದು, "ನಲವತ್ನಾಲ್ಕು," ಎಂದಳು. ಸಂತೋಷವನ್ನು ಅದುಮಿಟ್ಟುಕೊಳ್ಳಲು ಜನ ಪಟ್ಟ ಪಾಡು ನೋಡಬೇಕಿತ್ತು. ಎಲ್ಲರ ಮುಖವೂ ಸಾವಿನ ಮನೆಗೆ ಬಂದವರ ಹಾಗೆ ಜೋತುಬಿತ್ತು.

ಆಕೆ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. "ಮೂರು ಸಲ ಅರವತ್ತೊಂದು ಬಂದಿದೆ. ಎರಡೇ ವರ್ಷದಲ್ಲಿ ಇಷ್ಟು ಹೇಗೆ ಇಳೀತು? ಬೇಕಂತಲೇ ಬಿಟ್ಟ ಹಾಗಿದೆ."

ಜನ ಒಬ್ಬೊಬ್ಬರಾಗಿ ನದಿಯ ಕಡೆ ತಿರುಗಿದರು.

"ನೋಡಿ, ಪುರಸಭೆಯೇ ಬಿಟ್ಟಿದ್ರೆ ಯೋಜನೆಯಲ್ಲಿ ಒಂದು ಕಾಸೂ ಬರಲ್ಲ. ನೌಕರ ಕೆಲಸ ಮಾಡದೆ ಹೀಗಾಗಿದ್ರೆ ಅದು ಬೇರೆ ಮಾತು. ಅವನ ಮೇಲೆ ಕ್ರಮ ಆಗ್ಬೇಕು, ಅಷ್ಟೇ. ಯಾವುದು ಅಂತ ನಾನು ಬರ್ಕೋಬೇಕು."

ಅಕ್ಕ ಸೆರಗು ಸರಿಮಾಡಿಕೊಂಡಳು. ಕ್ಷೌರಿಕ ತನ್ನ ಕತ್ತರಿಯನ್ನು ಅದೇ ಮೊದಲ ಸಲ ಕಾಣುವವನ ಹಾಗೆ ತಿರುಗಿಸಿ ತಿರುಗಿಸಿ ನೋಡತೊಡಗಿದ. ಗುಂಪಿನ ಹಿಂದಿನಿಂದ ಸೇತುವೆ ಮಾವ ಮುಂದೆ ಬಂದ.

"ನಾನೇ ಮೇಡಂ ನೋಡ್ಕೊಳ್ಳಲಿಲ್ಲ. ಸೋಮಾರಿತನ. ಕುಡಿತಾನೂ ಸ್ವಲ್ಪ ಜಾಸ್ತಿ ಆಗಿತ್ತು."

ಟೀಗೆ ಎರಡನೇ ಸಲ ಸಕ್ಕರೆ ಹಾಕಿಕೊಳ್ಳುವುದನ್ನೇ ದುಶ್ಚಟವೆಂದುಕೊಂಡಿದ್ದ ಮನುಷ್ಯ ಅವನು. ಹೆಂಡತಿ ಏನೋ ಹೇಳಲು ಹೊರಟಳು. ಅವನು ತಿರುಗಿ ನೋಡಿದ. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಆಕೆ ಮಾತು ನುಂಗಿಕೊಂಡದ್ದು ಅಂದು ಮಾತ್ರ. ಇಂಜಿನಿಯರು ಅವನ ಕೈಗಳನ್ನು ಒಂದು ಗಳಿಗೆ ನೋಡಿ, ಬರೆದುಕೊಂಡು ಹೋದಳು.

ವಜಾ ಆದೇಶಕ್ಕೆ ಸಹಿ ಹಾಕಬೇಕಾದವಳು ಅಧ್ಯಕ್ಷೆ. ಹಾಕಿದಳು. ಆ ಸಂಜೆ ಸೇತುವೆ ದಾಟಿ ಬಂದು ತಮ್ಮನ ಕೈ ಹಿಡಿದುಕೊಂಡು ಅತ್ತಳು. "ನಿನ್ನ ಋಣ ಈ ಜನ್ಮದಲ್ಲಿ ತೀರಲ್ಲ ಕಣೋ. ಊರು ನಿನ್ನ ಮರೆಯಲ್ಲ."

"ಹೋಗ್ಲಿ ಬಿಡಕ್ಕ," ಎಂದ ಅವನು. "ಟೀ ಕುಡಿ."

ಹಣ ಬಂತು. ಹಳೆಯದರ ಪಕ್ಕದಲ್ಲೇ ಹೊಸ ಸೇತುವೆ ಎದ್ದಿತು. ಎರಡು ಲಾರಿ ಎದುರುಬದುರು ಬಂದರೂ ಚಾಲಕರು ಕೈ ಬೀಸಿಕೊಂಡು ಹೋಗುವಷ್ಟು ಅಗಲ. ಬಸ್ಸು ಊರೊಳಗೆ ಬಂತು, ಆಂಬುಲೆನ್ಸು ಮನೆಬಾಗಿಲಿಗೆ ಬಂತು. ಊರಿಗೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಹಳೆಯದನ್ನು ಕೆಡವಬೇಕೆಂಬುದು ಯೋಜನೆಯ ಷರತ್ತು. ಯಂತ್ರ ತಂದರು. ನಲವತ್ನಾಲ್ಕು ಅಂಕದ ಆ ಮುದಿ ಸೇತುವೆ ಎರಡು ಯಂತ್ರಗಳ ಹಲ್ಲು ಮುರಿದು, ಗುತ್ತಿಗೆದಾರನ ಬಾಯಲ್ಲಿ ಸಹಸ್ರನಾಮ ಹೇಳಿಸಿ, ಆಮೇಲೆ ಬಿತ್ತು. ಸೇತುವೆ ಮಾವ ನೋಡಲು ಹೋಗಲಿಲ್ಲ. ಮನೆಯಲ್ಲಿ ಕುಳಿತು ಹೆಂಡತಿ ಹೊಲಿದ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ. ಪ್ರತಿ ಬಡಿತಕ್ಕೂ ಸೂಜಿ ನಿಲ್ಲುತ್ತಿತ್ತು.

ಮೊದಲ ವರ್ಷ ಅವನು ಬಂದರೆ ಜನ ಎದ್ದು ಜಾಗ ಬಿಡುತ್ತಿದ್ದರು. ಕ್ಷೌರಿಕ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಎರಡನೆಯ ವರ್ಷ ತೆಗೆದುಕೊಳ್ಳತೊಡಗಿದ. ಬಸ್ಸಿನ ಜೊತೆ ಹೊಸ ಜನ ಬಂದು ನೆಲೆಸಿದ್ದರು. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಈ ಮನುಷ್ಯ ಕುಡಿದು ಕೆಲಸ ಕಳಕೊಂಡವನು. ಹೊಸಬರು ಕೇಳಿದಾಗ ಹಳಬರು ಹೌದೆನ್ನಲೇಬೇಕು, ಇಲ್ಲವಾದರೆ ಇಲಾಖೆಯ ಕಿವಿಗೆ ಬಿದ್ದು ಹಣ ವಾಪಸು ಕೇಳಿಯಾರು. ಹೌದು ಹೌದು ಎಂದು ಹೇಳುತ್ತಾ ಹೋದರು. ಹೇಳಿದ ಬಾಯಿಗೆ ರೂಢಿಯಾಯಿತು, ಆಮೇಲೆ ಕೇಳಿದ ಕಿವಿಗೂ ಆಯಿತು.

ಮೂರನೆಯ ವರ್ಷ ಒಂದು ದಿನ ಅವನು ಕ್ಷೌರಕ್ಕೆ ಕುಳಿತಿದ್ದ. ಕ್ಷೌರಿಕ ಅವನ ತಲೆಯನ್ನು ಬಗ್ಗಿಸಿ ಹಿಡಿದು, ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಬ್ಬನಿಗೆ ಹೇಳಿದ: "ಹಳೇದು ಎಂಥಾ ಸೇತುವೆ ಸ್ವಾಮಿ! ನೋಡ್ಕೊಳ್ಳೋರು ನೆಟ್ಟಗೆ ನೋಡ್ಕೊಂಡಿದ್ರೆ ಇನ್ನೂ ನೂರು ವರ್ಷ ನಿಲ್ತಿತ್ತು. ಅಲ್ವೇನೋ ಮಾವ?"

ಅವನು ತಲೆಯೆತ್ತಿ ಕನ್ನಡಿಯಲ್ಲಿ ಕ್ಷೌರಿಕನ ಮುಖ ನೋಡಿದ. ತುಂಟತನ ಹುಡುಕಿದ. ಇರಲಿಲ್ಲ. ಒಬ್ಬ ಹಳೆಯ ಗೆಳೆಯನಿಗೆ ಬುದ್ಧಿ ಹೇಳುವ ಪ್ರೀತಿಯಷ್ಟೇ ಇತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ ಕತ್ತರಿ ಕುಕ್ಕಿದಳು. "ನಾನೇ ಹೋಗಿ ನಾಲ್ಕು ಜನರ ಮುಂದೆ ಹೇಳ್ತೀನಿ. ಹಣ ವಾಪಸ್ ಕೇಳಿದ್ರೆ ಕೇಳ್ಲಿ, ಸೇತುವೆ ಕಿತ್ಕೊಂಡ್ ಹೋಗ್ಲಿ!"

"ಬಿಡು. ಅಕ್ಕಂಗೆ ಗೊತ್ತಲ್ಲ. ಅಷ್ಟು ಸಾಕು."

ಆ ಒಂದು ಮಾತಿನ ಮೇಲೆ ಅವನು ಮತ್ತೊಂದು ವರ್ಷ ಕಳೆದ.

ಹೊಸ ಸೇತುವೆ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟು ಹೋದ. ಅಕ್ಕ ತಮ್ಮನನ್ನು ಪುರಸಭೆಯ ಕಚೇರಿಗೆ ಕರೆಸಿದಳು. ಗೋಡೆಯಲ್ಲಿ ರಿಬ್ಬನ್ನು ಕತ್ತರಿಸುತ್ತಿರುವ ಅವಳ ಫೋಟೋ. ಕೆಳಗೆ ಅವಳು, ಮೊದಲಿಗಿಂತ ದಪ್ಪ, ಕೂದಲು ಪೂರ್ತಿ ಬೆಳ್ಳಗೆ. ಮೇಜಿನ ಮೇಲೆ ಸಾಮಾನಿನ ಕೋಣೆಯ ಬೀಗದಕೈ ಇಟ್ಟು ಅವನ ಕಡೆ ನೂಕಿದಳು.

"ಸದಸ್ಯರು ಒಬ್ರೂ ಒಪ್ಲಿಲ್ಲ ಕಣೋ. ಜಗಳ ಆಡಿ ಒಪ್ಸಿದೀನಿ. ನನ್ನ ತಮ್ಮನಿಗೆ ನಾನು ಹೊಣೆ ಅಂದೆ."

ಬೀಗದಕೈ ಅವನ ಹಳೆಯದೇ. ಅದರ ಹಿಡಿಗೆ ತಂತಿ ಸುತ್ತಿದವನು ಅವನೇ. ಅದನ್ನು ಕೈಗೆತ್ತಿಕೊಂಡಾಗ ಖುಷಿಯಾಯಿತು. ಹೊಸ ಸೇತುವೆಯ ತೂಬುಗಳು ಆಗಲೇ ಅರ್ಧ ಕಟ್ಟಿಕೊಂಡಿರುವುದನ್ನು ಅವನು ಹೋಗುತ್ತ ಬರುತ್ತ ನೋಡಿದ್ದ.

"ಒಂದು ಮಾತು," ಎಂದಳು ಅಕ್ಕ, ಕನ್ನಡಕ ಒರೆಸಿಕೊಳ್ಳುತ್ತ. "ಕುಡಿತ ಗಿಡಿತ ಎಲ್ಲಾ ಬಿಟ್ಟು, ಈ ಸಲವಾದ್ರೂ ನೆಟ್ಟಗೆ ನೋಡ್ಕೋ. ನನ್ನ ಮರ್ಯಾದೆ ಪ್ರಶ್ನೆ."

ಅವನು ನಗಲು ಸಿದ್ಧನಾಗಿ ಕಾದ. ಅಕ್ಕ ನಗಲಿಲ್ಲ. ಕನ್ನಡಕ ಹಾಕಿಕೊಂಡು ಅವನನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ನೋಡುತ್ತಿದ್ದ ಹಾಗೆ.

"ಅಕ್ಕ," ಎಂದ. "ಹಳೇ ಸೇತುವೆ ಮೇಲೆ ಒಂದು ಗಿಡ ಇತ್ತಲ್ಲ. ನೀನೂ ನೀರು ಹಾಕಿದ್ದೆ."

"ಯಾವ ಗಿಡ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದರೆ ಅವನಿಗೆ ಗೊತ್ತಾಗುತ್ತಿತ್ತು, ಸಿಟ್ಟು ಬರುತ್ತಿತ್ತು, ಜಗಳವಾದರೂ ಆಡಬಹುದಿತ್ತು. ಅವನಿಗೆ ಹೆದರಿಕೆಯಾಯಿತು. ನಡೆದದ್ದನ್ನು ಬಲ್ಲವರು ಇನ್ನು ಅವನು, ಅವನ ಹೆಂಡತಿ, ಇಬ್ಬರೇ.

"ಏನಿಲ್ಲ," ಎಂದು ಬೀಗದಕೈಯನ್ನು ಮೇಜಿನ ಮೇಲೆ ಇಟ್ಟ. ಅಕ್ಕ ಹಿಂದಿನಿಂದ, "ಯಾಕೋ? ಏನಾಯ್ತೋ?" ಎಂದು ಕೂಗುತ್ತಿದ್ದಳು. ಅವನು ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೊರಟ. ಹೊಸ ಸೇತುವೆಯ ಮೇಲೇ ಹೋಗಬೇಕಿತ್ತು, ಈಗ ಬೇರೆ ದಾರಿ ಇರಲಿಲ್ಲ.