ನಿಂಬೆ ಹಿಂಡುವವಳು

ದರ್ಜಿ ಮುದುಕನಿಗೆ ಗಟ್ಟಿ ಸ್ಟೂಲಿನ ಮೇಲೆ ಕೂತು ಅಭ್ಯಾಸ. ಹೋಟೆಲಿನ ಮೆತ್ತನೆಯ ಸೋಫಾ ಅವನನ್ನು ಒಳಗೆಳೆದುಕೊಂಡಿತು. ಅಂಗಿಯ ಮೇಲೆ ಹೊಲಿಗೆ ಯಂತ್ರದ ಎಣ್ಣೆಯ ಕಲೆ, ಎಷ್ಟು ಒಗೆದರೂ ಹೋಗದ್ದು. ಅದನ್ನು ಅಂಗೈಯಿಂದ ಮುಚ್ಚಿಕೊಂಡು ಸುತ್ತ ನೋಡಿದ. ಬೀದಿಯ ಅರ್ಧ ಜನ ಆ ಮೆಕ್ಸಿಕನ್ ಹೋಟೆಲಿನಲ್ಲೇ ಇದ್ದಂತಿತ್ತು. ಅಡುಗೆಮನೆಯ ಪ್ಲೇಯರಿನಿಂದ ಗಿಟಾರಿನ ಹಾಡು, ನಗೆ, ಯಾರದೋ ಹುಟ್ಟುಹಬ್ಬಕ್ಕೆ ಚಪ್ಪಾಳೆ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಿರಲಿಲ್ಲ, ದೊಡ್ಡ ಗಾಜಿತ್ತು. ಅದರ ಹಿಂದೆ ಅವನ ಮಗಳು ತಲೆ ತಗ್ಗಿಸಿ ನಿಂಬೆಹಣ್ಣು ಹಿಂಡುತ್ತಿದ್ದಳು.

ಮಾಲೀಕ ತಾನೇ ತಟ್ಟೆ ತಂದಿಟ್ಟ.

“ತಗೊಳ್ಳಿ ಯಜಮಾನ್ರೇ, ಇವತ್ತು ನೀವು ನಮ್ಮ ಅತಿಥಿ. ಇದು ಟ್ಯಾಕೊ, ಮಡಚಿದ ಜೋಳದ ರೊಟ್ಟಿ. ಇದು ಪೆರು ದೇಶದ್ದು, ಸೆವಿಚೆ. ಹಸಿ ಮೀನು. ಒಲೆ ಹತ್ರಾನೂ ಒಯ್ಯಲ್ಲ, ನಿಂಬೆಹುಳೀಲೇ ಬೇಯುತ್ತೆ.”

“ಬೆಂಕಿ ಇಲ್ದೇನಾ?”

“ಹುಳಿ ಸಾಕು. ನಿಮ್ಮ ಮಗಳೇ ಕಲಸಿದ್ದು. ಎಂಥ ಕೈರುಚಿ ಅಂತೀರಿ!”

ಮುದುಕ ಉಬ್ಬಿಹೋದ. ಮೀನು ನಾಲಗೆಯ ಮೇಲೆ ಕರಗಿತು. ಹಳದಿ ಮೆಣಸಿನ ಖಾರಕ್ಕೆ ಕಣ್ಣು ತುಂಬಿತು. ಕೇಳಿ ಇನ್ನೊಂದಿಷ್ಟು ಹಾಕಿಸಿಕೊಂಡ.

ಆಗ ಮಾಲೀಕ ಎದುರಿಗೆ ಕೂತ.

“ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ. ಗ್ಲೌಸ್ ಕೊಡದಿದ್ರೆ ನಾಳೆಯಿಂದ ಹಿಂಡಲ್ಲ, ಕಲಸಲ್ಲ ಅಂತಾಳೆ. ಜನ ಬರೋದೇ ಬರಿಗೈಲಿ ಮಾಡೋದನ್ನ ನೋಡೋಕೆ. ಗ್ಲೌಸ್ ಹಾಕಿದ್ರೆ ಆಸ್ಪತ್ರೆ ಥರ ಕಾಣಲ್ವಾ? ಅವಳ ಕೆಲಸ ಹೋಗೋದು ನನಗೂ ಇಷ್ಟ ಇಲ್ಲ, ನೋಡಿ.”

ತನ್ನನ್ನು ಯಾಕೆ ಕರೆದರೆಂಬುದು ಮುದುಕನಿಗೆ ಈಗ ಹೊಳೆಯಿತು. ಅಗಿಯುತ್ತಿದ್ದುದು ಬಾಯಲ್ಲೇ ನಿಂತಿತು. ಮಗಳು ಈಚೆಗೆ ಮನೆಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು. ‘ದೊಡ್ಡ ಹೋಟೆಲಿನ ಬಿಂಕ ಬಂತು ನಮ್ಮಮ್ಮಣ್ಣಿಗೆ’ ಎಂದು ನಕ್ಕವನು ಅವನೇ.

ಮಾಲೀಕ ಸನ್ನೆ ಮಾಡಿದ. ಅವಳು ಹೊರಗೆ ಬಂದಳು. ಬೆರಳ ಸಂದುಗಳೆಲ್ಲ ಬಿರಿದಿದ್ದವು. ಅಂಗೈ ತಟ್ಟೆಯ ಮೀನಿನಷ್ಟೇ ಬೆಳ್ಳಗೆ ಬೆಂದಿತ್ತು.

“ಹೊಟ್ಟೆ ತುಂಬ್ತಾ ಅಪ್ಪಾ?”

“ತುಂಬ್ತು ಮಗಾ.”

“ಹಾಗಾದ್ರೆ ಹೇಳು. ನೀನು ಹೇಳಿದ್ರೆ ನಾಳೇನೂ ಹಿಂಡ್ತೀನಿ.”

ಮುದುಕ ತಲೆ ಎತ್ತಲಿಲ್ಲ.

“ನಾನೇನು ಹೇಳ್ಲಿ? ಕೇಳಿ ಕೇಳಿ ಹಾಕಿಸ್ಕೊಂಡು ತಿಂದೆ. ನನ್ನ ಮುಖ ನೋಡಬೇಡ. ನೀನೇ ಹೇಳಮ್ಮ, ಎಲ್ರಿಗೂ ಕೇಳೋ ಹಾಗೆ ಹೇಳು.”

ಅವಳು ಊಟದವರ ಕಡೆ ತಿರುಗಿ ಎರಡೂ ಅಂಗೈಗಳನ್ನು ಚಾಚಿದಳು. ಚಪ್ಪಾಳೆ ನಿಂತಿತು. ಹುಟ್ಟುಹಬ್ಬದ ಮೇಜಿನ ಹೆಂಗಸು ತಟ್ಟೆಯನ್ನು ದೂರ ತಳ್ಳಿದಳು.

“ಅಯ್ಯೋ, ಈ ಕೈಯಲ್ಲೇನ್ರೀ ಕಲಸಿದ್ದು? ಛೀ!”

ಮಾಲೀಕ ಓಡಿಹೋಗಿ ಆಕೆಯ ಮುಂದೆ ಬಗ್ಗಿದ. “ಕ್ಷಮಿಸಿ ಮೇಡಂ. ನಾಳೆಯಿಂದ ಗ್ಲೌಸ್ ಕೊಡ್ತೀವಿ. ಇವಳು ನಿಮ್ಮ ಕಣ್ಣಿಗೂ ಬೀಳಲ್ಲ.”

ಒಲೆಯ ಮುಂದಿದ್ದ ಅಡುಗೆಯವನು ಹೊರಬಂದ. ಎಲ್ಲರೂ ದೊಡ್ಡಮ್ಮ ಎನ್ನುವ, ಪಾತ್ರೆ ತೊಳೆಯುವ ಹೆಂಗಸು ಒದ್ದೆ ಕೈಯಲ್ಲೇ ಬಂದಳು. ಇಬ್ಬರೂ ಮಗಳ ಪಕ್ಕ ನಿಂತರು.

“ಅವ್ರಿಗಲ್ಲ ಸರ್,” ಎಂದಳು ಮಗಳು. “ನನ್ನ ಕಡೆ ತಿರುಗಿ ಹೇಳಿ.”

ಮಾಲೀಕ ತಿರುಗಲಿಲ್ಲ. ಹಾಡಿನ ಸದ್ದು ಹೆಚ್ಚಿಸಿರೆಂದು ಅಡುಗೆಮನೆಯತ್ತ ಕೈ ಬೀಸಿದ. ಹೆಚ್ಚಿಸಲು ಒಳಗೆ ಯಾರೂ ಉಳಿದಿರಲಿಲ್ಲ.