ಮಂಜಿನ ಮೇಲಿನ ಕೆಲಸ

ದರ್ಜಿಗೆ ಎತ್ತರವೆಂದರೆ ಆಗದು. ಸ್ಟೂಲು ಹತ್ತಿ ಬಲ್ಬು ಬದಲಿಸುವುದಕ್ಕೂ ಮಗಳನ್ನು ಕೂಗುತ್ತಿದ್ದ. ಅಂಥವನ ಹೆಂಡತಿ ದಿನಾ ಬೆಳಿಗ್ಗೆ ಎಪ್ಪತ್ತೈದು ಮೀಟರ್ ಏಣಿ ಹತ್ತಿ, ಕ್ರೇನಿನ ತುದಿಯ ಗಾಜಿನ ಕೋಣೆಯಲ್ಲಿ ಕೂತು, ಸಂಜೆ ಇಳಿಯುತ್ತಿದ್ದಳು. ಕಟ್ಟಡದ ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದುದು ಮೇಲಿನಕ್ಕ ಎಂದು. "ಸೊಸೆ ಅಂದ್ರೆ ಮನೆಗೆ ದೀಪ ಅಂತಾರೆ. ನಮಗೆ ಸಿಕ್ಕಿದ್ದು ದೀಪದ ಕಂಬ" ಎಂದು ದರ್ಜಿಯ ತಾಯಿ ಬಂದವರೆದುರೆಲ್ಲ ಹೇಳುವಳು. ಹೇಳುವಾಗ ಮುಖದಲ್ಲಿ ಒಂದಿಷ್ಟು ಜಂಬವೂ ಇರುತ್ತಿತ್ತು.

ಮೊದಲು ಅವಳೂ ಆಫೀಸಿನಲ್ಲಿದ್ದವಳೇ. ಹನ್ನೊಂದು ವರ್ಷ ಅದೇ ಮೇಜು. ನೀರು ಕುಡಿಯಲು ಎದ್ದರೂ ಹಿಂದಿನಿಂದ ಮ್ಯಾನೇಜರು ಗಡಿಯಾರ ನೋಡುತ್ತಿದ್ದ. ಮೂವತ್ತೈದನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು ಕ್ರೇನ್ ತರಬೇತಿಗೆ ಸೇರಿದಾಗ ನೆಂಟರು ತಲೆಗೊಂದು ಮಾತಾಡಿದರು. ದರ್ಜಿ ತಡೆಯಲಿಲ್ಲ, ಆದರೆ ಅಲ್ಲಿ ಮೇಲೆ ಅವಳು ಏನು ಮಾಡುತ್ತಾಳೆಂದು ಒಮ್ಮೆಯೂ ಹೋಗಿ ನೋಡಲಿಲ್ಲ. ನೆನೆದರೇ ಅಂಗಾಲು ಜುಮ್ಮೆನ್ನುತ್ತಿತ್ತು.

ಹೀಗಿರುವಾಗ ಕಂಪನಿ ಅವಳನ್ನು ಕರೆದು ಹೊಸ ಹುದ್ದೆ ಕೊಡುತ್ತೇವೆಂದಿತು. ಆರು ಕ್ರೇನುಗಳ ಉಸ್ತುವಾರಿ, ಸ್ವಂತ ಕೋಣೆ, ಈಗಿನದಕ್ಕೆ ಒಂದೂವರೆ ಪಟ್ಟು ಸಂಬಳ. ಜೊತೆಗೆ ಹಗಲೂ ರಾತ್ರಿ ಎತ್ತಲೇಬೇಕಾದ ಫೋನು. ಸೋಮವಾರದೊಳಗೆ ಉತ್ತರ ಹೇಳಬೇಕು.

"ಕೂತಲ್ಲಿಗೇ ಬಂದಿದೆ. ಕೈಬಿಡೋದಾ?" ಎಂದ ದರ್ಜಿ, ರಾತ್ರಿ ಮಲಗಿದಾಗ. "ಮಗಳ ಓದು ಇದೆ. ಹಾಲಲ್ಲಿ ಈ ಮೆಷಿನ್ನು, ಬಟ್ಟೆ ಗಂಟು ಇಟ್ಕೊಂಡು ಎಷ್ಟು ದಿನ ಅಂತ ಹೀಗೇ ಇರೋದು? ಇನ್ನೊಂದು ರೂಮಿರೋ ಮನೆಗೆ ಹೋಗಬಹುದು."

"ನೀವು ಹೇಳೋದು ಸರಿನೇ ರೀ."

"ಮತ್ತೆ?"

"ಅಲ್ಲಿ ಮೇಲೆ ನನ್ನ ಹಿಂದೆ ಯಾರೂ ನಿಂತಿರಲ್ಲ," ಎಂದಳು. ಅಷ್ಟೇ. ಹೆಂಗಸಿಗೆ ಹಟ ಎಂದುಕೊಂಡು ಅವನು ಮಗ್ಗುಲು ಬದಲಿಸಿದ.

ಶುಕ್ರವಾರ ಬೆಳಿಗ್ಗೆ ಅವನು ಅವಳ ಕೆಲಸದ ಜಾಗಕ್ಕೇ ಹೋಗಬೇಕಾಯಿತು. ಕೆಲಸಗಾರರು ತೊಡುವ ಹೊಳೆಯುವ ಪಟ್ಟಿಯ ಅಂಗಿಗಳನ್ನು ಹೊಲಿಯುವ ಕೆಲಸ ಸಿಕ್ಕಿತ್ತು. ನಲವತ್ತು ಅಂಗಿ ಮುಟ್ಟಿಸಬೇಕಿತ್ತು. ಅಂದು ಎಂಥ ಮಂಜು ಎಂದರೆ ಗೇಟಿನ ಬಳಿ ನಿಂತವನಿಗೆ ಗೇಟೇ ಸರಿಯಾಗಿ ಕಾಣುತ್ತಿರಲಿಲ್ಲ. ಕ್ರೇನಿನ ಬುಡ ಮಾತ್ರ ಮಸುಕಾಗಿ ಕಂಡಿತು. ಉಳಿದದ್ದು ಬಿಳುಪಿನಲ್ಲಿ ಕರಗಿಹೋಗಿತ್ತು. ಎತ್ತುವ ಕೆಲಸವನ್ನೆಲ್ಲ ನಿಲ್ಲಿಸಿದ್ದರು.

ಅವನು ಗಂಟು ಇಳಿಸುತ್ತಿದ್ದಂತೆ ಜನ ಓಡಾಡತೊಡಗಿದರು. ಹದಿನೆಂಟನೇ ಮಹಡಿಯಲ್ಲಿ ಕಬ್ಬಿಣದ ಕಂಬಿಗಳ ಕಟ್ಟು ಜಾರಿ ಬಡಗಿಯೊಬ್ಬನ ತೊಡೆ ಮುರಿದಿತ್ತು. ರಕ್ತ ನಿಲ್ಲುತ್ತಿಲ್ಲ. ಲಿಫ್ಟು ರಿಪೇರಿಯಲ್ಲಿತ್ತು. ಅರ್ಧ ಕಟ್ಟಿದ ಇಕ್ಕಟ್ಟು ಮೆಟ್ಟಿಲಲ್ಲಿ ಮಲಗಿಸಿ ತರಲು ಮುಕ್ಕಾಲು ಗಂಟೆಯಾದರೂ ಬೇಕು. ಉಳಿದದ್ದು ಒಂದೇ ದಾರಿ, ಆ ಮಹಡಿಯಲ್ಲೇ ಇದ್ದ, ಕ್ರೇನಿಗೆ ತಗುಲಿಸಿ ಜನರನ್ನು ಇಳಿಸುವ ಕಬ್ಬಿಣದ ತೊಟ್ಟಿಲು.

ಕೆಳಗೆ ಸಿಗ್ನಲ್ ಕೊಡುವ ಮುದುಕ ವಾಕಿಟಾಕಿ ಹಿಡಿದು, "ಅಕ್ಕಾ, ನಿಮಗೇನಾದ್ರೂ ಕಾಣ್ತಿದೆಯಾ?" ಎಂದ.

"ಇಲ್ಲಿ ಬಿಸಿಲಿದೆ ಅಣ್ಣಾ. ಕೆಳಗೆ ಏನೂ ಕಾಣಲ್ಲ."

ಅದು ತನ್ನ ಹೆಂಡತಿಯ ದನಿ ಎಂದು ತಿಳಿಯಲು ದರ್ಜಿಗೆ ಒಂದು ಗಳಿಗೆ ಹಿಡಿಯಿತು. ಮನೆಯಲ್ಲಿ ಬಡಬಡನೆ ಮಾತಾಡುವವಳು ಇವಳೇನಾ?

ಎಂಜಿನಿಯರ್ ವಾಕಿಟಾಕಿ ಇಸಿದುಕೊಂಡು, "ಬೇಡ ಅನ್ನೋ ಹಕ್ಕು ನಿಮಗಿದೆ. ಬಲವಂತ ಇಲ್ಲ" ಎಂದ.

"ಗಾಳಿ ಇಲ್ಲ ಸಾರ್. ಇಳಿಸ್ತೀನಿ. ಎಲ್ರನ್ನೂ ಸುಮ್ಮನಿರಿಸಿ. ನಂಗೆ ಕಿವಿ ಬೇಕು."

ಅಷ್ಟು ದೊಡ್ಡ ಜಾಗ ಉಸಿರು ಬಿಗಿಹಿಡಿಯಿತು. ಮಿಕ್ಸರುಗಳು ನಿಂತವು. ಹದಿನೆಂಟನೇ ಮಹಡಿಯ ಸಿಗ್ನಲಿನವನ ಮಾತು ವಾಕಿಟಾಕಿಯಲ್ಲಿ ಕೇಳಿಸುತ್ತಿತ್ತು: "ಮಲಗಿಸಿದ್ದೇವೆ... ಕಟ್ಟಿದ್ದೇವೆ... ಎತ್ತಿ... ಅಂಚು ದಾಟಿತು... ಇಳಿಸಿ... ಈಗ ನನಗೆ ಕಾಣ್ತಿಲ್ಲ ಅಕ್ಕಾ."

"ಕೆಳಗಡೆ?" ಎಂದಿತು ಅವಳ ದನಿ.

"ಇನ್ನೂ ಇಲ್ಲಕ್ಕ," ಎಂದ ಮುದುಕ.

ನಡುವಿನ ನಲವತ್ತು ಮೀಟರು ಯಾರ ಕಣ್ಣಿಗೂ ಬೀಳದ ದಾರಿ. ಅಲ್ಲಿ ಒಂದು ಜೀವ ದಾರದ ತುದಿಯಲ್ಲಿ ತೂಗುತ್ತಿತ್ತು. ದಾರ ಅವಳ ಬೆರಳಲ್ಲಿತ್ತು. "ಮೂವತ್ತು," ಎಂದಳು ಅವಳು, ಯಂತ್ರದ ಅಳತೆ ಓದುತ್ತ. "ಇಪ್ಪತ್ತು. ತೂಗಾಡ್ತಿದೆ. ನಿಲ್ಲಿಸ್ತಿದೀನಿ." ಯಾರೋ ಕೆಮ್ಮಿದ್ದಕ್ಕೆ ಹತ್ತು ಜನ ತಿರುಗಿ ನೋಡಿದರು. "ನಿಂತಿತು. ಹದಿನೈದು. ಹತ್ತು."

"ಬಂತು! ಬಂತು ಅಕ್ಕಾ! ನಿಧಾನ!"

ಬಿಳುಪಿನೊಳಗಿಂದ ಮೊದಲು ಒಂದು ಕಪ್ಪು ನೆರಳು, ಆಮೇಲೆ ತೊಟ್ಟಿಲು. ಸದ್ದಿಲ್ಲದೆ, ಅಲುಗದೆ, ಆಕಾಶವೇ ಅದನ್ನು ಅಂಗೈಯಲ್ಲಿಟ್ಟು ಇಳಿಸುತ್ತಿರುವಂತೆ ಬಂತು. ನೆಲ ಮುಟ್ಟಿದಾಗ ಅಡಿಯ ಧೂಳು ಕೂಡ ಏಳಲಿಲ್ಲ. ಬಡಗಿಯ ಕಣ್ಣು ತೆರೆದಿತ್ತು. ಆಂಬುಲೆನ್ಸಿನವರು ಅವನನ್ನು ಎತ್ತಿಕೊಂಡರು.

ಮೂವತ್ತು ವರ್ಷ ಸೂಜಿ ಹಿಡಿದ ಕೈ ದರ್ಜಿಯದು. ನೇರ ಹೊಲಿಗೆ ಅಂದರೆ ಏನೆಂದು ಅವನಿಗೆ ಗೊತ್ತು. ಇಂಥ ಕೈಯನ್ನು ಅವನು ಕಂಡಿರಲಿಲ್ಲ. ಕತ್ತೆತ್ತಿ ಆ ಬಿಳುಪನ್ನು ನೋಡುತ್ತಲೇ ನಿಂತ. ಕಣ್ಣು ಯಾವಾಗ ತುಂಬಿತೋ ತಿಳಿಯಲಿಲ್ಲ.

ಮಧ್ಯಾಹ್ನ ಮಂಜು ಹರಿದ ಮೇಲೆ ಅವಳು ಇಳಿದು ಬಂದಳು. ಏಣಿಯ ಬುಡದಲ್ಲಿ ಗಂಡನನ್ನು ಕಂಡು ಗಾಬರಿಯಾದಳು. "ಯಾಕ್ರೀ? ಅಮ್ಮ ಹುಷಾರಾಗಿದಾರಾ?"

"ಎಲ್ರೂ ಚೆನ್ನಾಗಿದಾರೆ. ಮೇಲೆ ಏನು ಕಾಣ್ತಿತ್ತು ನಿಂಗೆ?"

ಅವಳು ಗ್ಲೌಸು ಕಳಚುತ್ತ ಯೋಚಿಸಿದಳು. "ಊರೇ ಇರಲಿಲ್ಲ ರೀ. ಬರೀ ಬಿಳಿ ಸಮುದ್ರ. ದೂರದಲ್ಲಿ ಇನ್ನೂ ಮೂರು ಕ್ರೇನಿನ ತಲೆ. ಆಮೇಲೆ ಸೂರ್ಯ. ಒಬ್ಬಳೇ ಇದ್ದೆ, ಆದ್ರೆ ಎಲ್ರೂ ನನ್ನ ಕೈಯಲ್ಲೇ ಇದ್ದಂಗಿತ್ತು."

ದರ್ಜಿ ಅವಳ ಕೈಯಿಂದ ಗ್ಲೌಸು ಇಸಿದುಕೊಂಡ. "ಆ ಉಸ್ತುವಾರಿ ಕುರ್ಚಿ ಬೇಡ ಕಣೇ."

"ಮನೆ? ಮಗಳ ಓದು?"

"ಇಷ್ಟು ದಿನ ನಡೆದಿಲ್ವಾ? ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಅಂಗಿ ಆರ್ಡರು ಇನ್ನೂ ಬರ್ತವೆ."

ಸೋಮವಾರ ಅವಳು ಆಗದು ಎಂದು ಹೇಳಿ ಬಂದಳು. ಕುರ್ಚಿ ಬೇರೊಬ್ಬರ ಪಾಲಾಯಿತು. ದೊಡ್ಡ ಮನೆಯ ಮಾತು ಅಲ್ಲಿಗೇ ನಿಂತಿತು. ಮಗಳು ಒಂದು ತಿಂಗಳು ಮುಖ ಗಂಟಿಕ್ಕಿಕೊಂಡು ಮೆಷಿನ್ನಿನ ಸದ್ದಿನಲ್ಲೇ ಓದಿದಳು. ಎರಡು ತಿಂಗಳ ಮೇಲೆ ಕಂಪನಿಯವರು ತಾವಾಗಿಯೇ ಬಂದು, ವಾರಕ್ಕೆರಡು ದಿನ ಹೊಸಬರಿಗೆ ಕಲಿಸಿಕೊಡಿ ಎಂದು ಕೇಳಿದರು. ಸಂಬಳ ಚೂರು ಏರಿತು. ಆ ಕುರ್ಚಿಯದಕ್ಕೆ ಅದು ಎಲ್ಲಿಯ ಸಮ?

ಚಳಿಗಾಲ ಮುಗಿಯುವ ಹೊತ್ತಿಗೆ ಆ ಕಟ್ಟಡದ ಮೆಟ್ಟಿಲಿಗೆ ಕಟಕಟೆ ಬಿತ್ತು. ಒಂದು ದಿನ ದರ್ಜಿ ಅನುಮತಿ ಕೇಳಿ, ತಲೆಗೆ ಹೆಲ್ಮೆಟ್ ಏರಿಸಿ, ಗೋಡೆ ಹಿಡಿದು ಹತ್ತತೊಡಗಿದ. ಐದನೇ ಮಹಡಿಗೆ ಎರಡೂ ಕೈಯಲ್ಲಿ ಕಟಕಟೆ ಹಿಡಿದ. ಹತ್ತಕ್ಕೆ ಕೂತುಬಿಟ್ಟ. ಮತ್ತೆ ಎದ್ದ. ಹದಿನೆಂಟನ್ನು ಮುಟ್ಟಿದಾಗ ಬೀದಿಗಳು ದಾರದಷ್ಟು, ಬಸ್ಸುಗಳು ಗುಂಡಿಯಷ್ಟು. ಜೀವಮಾನದಲ್ಲಿ ಅವನು ಏರಿದ ಅತಿ ದೊಡ್ಡ ಎತ್ತರ ಅದು. ಕಂಬವನ್ನು ಬಿಗಿಯಾಗಿ ತಬ್ಬಿಕೊಂಡು, ಹೆಂಡತಿ ಎಲ್ಲಿ ಎಂದು ಸುತ್ತ ಹುಡುಕಿದ.

ಅವಳು ಇನ್ನೂ ಎಷ್ಟೋ ಮೇಲಿದ್ದಳು.