ತುದಿ ಕಾಣದ ಅಡುಗೆಯವನು

ಕಿಲಿಮಂಜಾರೋ ಬೆಟ್ಟದ ಮೇಲೆ ಇಪ್ಪತ್ತೊಂದು ವರ್ಷ ಅಡುಗೆ ಮಾಡಿದ ಅಮಿನಿಯೇಲಿ ಅದರ ತುದಿಯನ್ನು ಒಮ್ಮೆಯೂ ಮೆಟ್ಟಿರಲಿಲ್ಲ. ಇದರಲ್ಲಿ ಅವಮಾನವೇನೂ ಇಲ್ಲ. ಹೊರೆಯಾಳುಗಳೂ ಅಡುಗೆಯವರೂ ಕೊನೆಯ ಶಿಬಿರದಲ್ಲೇ ಉಳಿಯುತ್ತಾರೆ. ಅಲ್ಲಿಂದ ಮೇಲೆ ಹೋಗುವುದು ಪ್ರವಾಸಿಗಳು ಮತ್ತು ಗೈಡ್‌ಗಳು ಮಾತ್ರ. ಬೆಟ್ಟದಲ್ಲಿ ದುಡಿಯುವ ಹಳಬರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದಿದ್ದದ್ದು ಅವನ ಹೆಂಡತಿ ಐಕಾಂಡೆಗೆ. ಮದುವೆಯಾದ ಹೊಸತರಲ್ಲಿ ಅವಳು ಕಣ್ಣರಳಿಸಿ "ತುದೀಲಿ ಏನಿದೆ?" ಎಂದು ಕೇಳಿದಾಗ ಇವನು ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದ: ಮನೆಗಿಂತ ಎತ್ತರದ ಹಿಮದ ಗೋಡೆ, ಒಳಗೆಲ್ಲ ಹಸಿರು ಹೊಳಪು, ಪೂರ್ವಕ್ಕೆ ತಿರುಗಿದರೆ ಸಮುದ್ರ. ಅಡುಗೆಗೆ ಸೇರುವ ಮೊದಲು ಮೂರು ಸಲ ಹತ್ತಿದ್ದೆ ಎಂದೂ ಸೇರಿಸಿದ್ದ. ಅಂದಿನಿಂದ ಊರಲ್ಲಿ ಅವನ ಮಾತಿಗೆ ಒಂದು ತೂಕ ಬಂದಿತ್ತು, ಹೆಂಡತಿಯ ಕಣ್ಣಲ್ಲಂತೂ ಕೇಳಲೇ ಬೇಡಿ.

ಆ ಸಲ ಕೊನೆಯ ಶಿಬಿರವಾದ ಬರಾಫುವಿನಲ್ಲಿ ಸಹಾಯಕ ಗೈಡ್ ಕಾಲು ಉಳುಕಿಸಿಕೊಂಡು ಕೂತ. ಮೇಲೆ ಹೋಗಲು ಇನ್ನೊಬ್ಬ ಆಳು ಬೇಕಾಯಿತು. ಮಧ್ಯಾಹ್ನ ಹಿರಿಯ ಗೈಡ್ ತರಿಮೊ ಅಡುಗೆ ಡೇರೆಯೊಳಗೆ ತಲೆ ಹಾಕಿ, "ಎಲಿಂಗಾಯ ಬರ್ಲಿ," ಎಂದ.

ಎಲಿಂಗಾಯ ಐಕಾಂಡೆಯ ತಮ್ಮ. ಹೊರೆ ಹೊರಲು ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಆ ಕೆಲಸ ಕೊಡಿಸಿದವನೂ ಅಮಿನಿಯೇಲಿಯೇ.

"ತರಿಮೊ ಅಣ್ಣಾ, ನಾನಿದೀನಲ್ಲ?"

"ನೀನು ಹೋದ್ರೆ ವಾಪಸ್ ಬಂದೋರಿಗೆ ಬಿಸಿ ಸೂಪು ಯಾರು ಕೊಡ್ತಾರಪ್ಪ, ಬೆಟ್ಟ ಕೊಡುತ್ತಾ?"

"ಒಂದಿನ ಬೇರೆ ಯಾರಾದ್ರೂ ಮಾಡಿದ್ರಾಯ್ತು."

"ಹೋದ ವರ್ಷ ಮಾಡಿದ್ರಲ್ಲ! ಕಾಗೆನೂ ಮೂಸಲಿಲ್ಲ. ನಿನ್ನ ಕೈರುಚಿನೇ ನಿನಗೆ ಶತ್ರು, ಏನ್ಮಾಡೋಣ ಹೇಳು."

ಡೇರೆಯಲ್ಲಿದ್ದವರೆಲ್ಲ ನಕ್ಕರು. ಅಮಿನಿಯೇಲಿಯೂ ಹಲ್ಲು ಬಿಟ್ಟ. ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಂಡಿತ್ತು. ಅಷ್ಟು ಸಾಲದೆಂಬಂತೆ ಎಲಿಂಗಾಯ ಪಕ್ಕಕ್ಕೆ ಬಂದು, "ಭಾವ, ನಿಮ್ಮ ಉಣ್ಣೆ ಟೋಪಿ ಕೊಡ್ತೀರಾ? ಮೇಲೆ ಚಳಿ ಜಾಸ್ತಿಯಂತೆ," ಎಂದ. ಕೊಡದೆ ಇರಲಾಗಲಿಲ್ಲ. ತಾನು ಕಾಣದ್ದನ್ನು ತನ್ನ ಟೋಪಿ ಕಾಣುತ್ತದಲ್ಲ ಎಂದು ಟೋಪಿಯ ಮೇಲೂ ಹೊಟ್ಟೆ ಉರಿಯಿತು.

ಸಂಜೆ ಊಟದ ತಟ್ಟೆಗಳು ತಿರುಗಿ ಬಂದವು. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಬರುವ ಕಾಯಿಲೆ ಮೊದಲು ಕೊಲ್ಲುವುದು ಹಸಿವನ್ನು. ಯಾರ ತಟ್ಟೆ ತುಂಬಿದ ಹಾಗೆಯೇ ವಾಪಸು ಬರುತ್ತದೋ ಅವರ ಹೆಸರನ್ನು ಗೈಡ್‌ನ ಕಿವಿಗೆ ಹಾಕುವುದು ಅಡುಗೆಯವನ ಕೆಲಸ. ಹೆಸರು ಬಿದ್ದವನು ಮೇಲೆ ಹೋಗುವಂತಿಲ್ಲ. ಎಲಿಂಗಾಯನ ತಟ್ಟೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಹಾಗೇ ಕೂತಿತ್ತು. ಎಲೆಕೋಸಿನ ಪಲ್ಯಕ್ಕೆ ಬೆರಳೂ ತಾಗಿರಲಿಲ್ಲ.

ಅಮಿನಿಯೇಲಿ ತಟ್ಟೆ ಹಿಡಿದು ಎದ್ದ, ಮತ್ತೆ ಕೂತ. ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆ ಎನ್ನುತ್ತಾರೆ. ಇದು ಅವನು ತನಗೆ ತಾನೇ ಕೊಟ್ಟುಕೊಂಡ ನೆಪ. ನಿಜ ಬೇರೆಯಿತ್ತು. ಹೋಗಲಿ, ಅರ್ಧ ದಾರಿಯಲ್ಲಿ ನಾಲ್ಕು ಜನರೆದುರು ವಾಂತಿ ಮಾಡಿಕೊಂಡು ತಿರುಗಿ ಬರಲಿ ಎಂದು ಅವನ ಮನಸ್ಸು ಬಯಸುತ್ತಿತ್ತು. ಮುದ್ದೆಯನ್ನು ಡೇರೆಯ ಹಿಂದೆ ಕಾಗೆಗಳಿಗೆ ಚೆಲ್ಲಿ ತಟ್ಟೆ ಉಜ್ಜಿಟ್ಟ. ನಡುರಾತ್ರಿಗೆ ಎಲಿಂಗಾಯ ತಂಡದ ಜೊತೆ ತುದಿಯತ್ತ ಹೊರಟ.

ಮರುದಿನ ಬೆಳಕು ಹರಿದಾಗಿನಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ಇಳಿಜಾರನ್ನೇ ನೋಡಿದ. ಒಬ್ಬಂಟಿಯಾಗಿ ಇಳಿದು ಬರುವವರು ಯಾರೂ ಕಾಣಲಿಲ್ಲ. ನಡು ಮಧ್ಯಾಹ್ನಕ್ಕೆ ಎಲ್ಲರೂ ಒಟ್ಟಿಗೇ ಬಂದರು. ಎಲಿಂಗಾಯನ ಮುಖ ಬೂದಿ ಬಳಿದಂತಿತ್ತು, ಕೈ ತರಿಮೊನ ಹೆಗಲ ಮೇಲಿತ್ತು.

"ನಿನ್ನ ಬಾಮೈದ ಗಟ್ಟಿಗ ಕಣೋ," ಎಂದ ತರಿಮೊ. "ದಾರಿಯುದ್ದಕ್ಕೂ ಕಕ್ಕಿದ. ತಿರುಗಿ ಹೋಗೋ ಅಂದ್ರೆ ಕೇಳಲಿಲ್ಲ, ತುದಿ ಮುಟ್ಟೇ ಬಂದ. ಅಲ್ಲ, ನಿನ್ನೆ ಸರಿಯಾಗಿ ಉಂಡಿದ್ದ ತಾನೇ?"

"ಉಂಡಿದ್ದ," ಎಂದ ಅಮಿನಿಯೇಲಿ, ಸೂಪು ಬಗ್ಗಿಸುತ್ತ.

ಎರಡು ದಿನಕ್ಕೆ ಮನೆ ಸೇರಿದರು. ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. ಅಂಗಳದಲ್ಲಿ ನೆರೆಯವರು, ಸೋರೆ ಬುರುಡೆಗಳಲ್ಲಿ ಬಾಳೆಹಣ್ಣಿನ ಹೆಂಡ. ಐಕಾಂಡೆ ತಮ್ಮನನ್ನು ಗಂಡ ಕೂರುವ ಕುರ್ಚಿಯಲ್ಲೇ ಕೂರಿಸಿದಳು.

"ಹೇಳೋ, ನಿಮ್ಮ ಭಾವ ಹೇಳ್ತಾರಲ್ಲ, ಹಾಗೇ ಇತ್ತಾ?"

ಅಮಿನಿಯೇಲಿಯ ಇಪ್ಪತ್ತು ವರ್ಷದ ಮಾನ ಆ ಹುಡುಗನ ನಾಲಿಗೆಯ ಮೇಲಿತ್ತು. ಎಲಿಂಗಾಯ ಒಂದು ಗುಟುಕು ಕುಡಿದು, ಹಿಮದ ಗೋಡೆ, ಹಸಿರು ಹೊಳಪು, ಪೂರ್ವಕ್ಕೆ ಸಮುದ್ರ ಎಂದು ಒಂದಕ್ಷರ ತಪ್ಪದೆ ಹೇಳಿದ. ಹೆಂಗಸರು ಸಂಭ್ರಮಕ್ಕೆ ನಾಲಿಗೆ ಹೊರಳಿಸಿ ಕೂಗು ಹಾಕಿದರು. ಐಕಾಂಡೆ ತಮ್ಮನನ್ನು ನೋಡಿದ ನೋಟ ಒಂದು ಕಾಲಕ್ಕೆ ಗಂಡನಿಗೆ ಮೀಸಲಾಗಿದ್ದದ್ದು.

ಲೇವಡಿ ಮಾಡುತ್ತಿದ್ದಾನೆ ಎನ್ನಿಸಿ ಅಮಿನಿಯೇಲಿ ಅವನ ರಟ್ಟೆ ಹಿಡಿದು ಬಾಳೆಗಿಡಗಳ ಮರೆಗೆ ಎಳೆದುಕೊಂಡು ಹೋದ.

"ಏನೋ ಆಟ ಇದು?"

"ಮೆಲ್ಲಗೆ, ಭಾವ." ಎಲಿಂಗಾಯನ ಕಣ್ಣು ತುಂಬಿತ್ತು. "ನನಗೆ ಏನೂ ನೆನಪಿಲ್ಲ. ಮುಂದಿದ್ದೋನ ಹಿಮ್ಮಡಿ ನೆನಪಿದೆ, ಅಷ್ಟೇ. ತುದೀಲಿ ನಿಂತಿದ್ದೆ ಅಂತ ತರಿಮೊ ಅಣ್ಣ ಹೇಳ್ತಾರೆ. ಅಕ್ಕ ಅಷ್ಟು ಆಸೆಯಿಂದ ಕೇಳಿದ್ಲಲ್ಲ, ನೀವು ಹೇಳಿದ್ದನ್ನೇ ಒಪ್ಪಿಸಿಬಿಟ್ಟೆ. ಮೂರು ಸಲ ನೋಡಿದೋರು ನೀವು. ನಿಜ ಹೇಳಿ, ಅಲ್ಲಿಂದ ಸಮುದ್ರ ಕಾಣುತ್ತಾ?"

ನಾನು ಹೋಗಿಲ್ಲ ಕಣೋ ಎಂದರೆ ಮುಗಿಯುತ್ತಿತ್ತು. ಆ ತಟ್ಟೆಯ ಮಾತೂ ಗಂಟಲಲ್ಲಿತ್ತು. ಆದರೆ ಹಾಗೆಂದ ಕೂಡಲೇ ಈ ಮನೆಯಲ್ಲಿ ತುದಿ ಮೆಟ್ಟಿದವನು ಎಲಿಂಗಾಯನೊಬ್ಬನೇ ಆಗುತ್ತಾನೆ, ಕುರುಡನಂತೆ ಮೆಟ್ಟಿದ್ದರೂ ಸರಿ. ಅದನ್ನು ಅಮಿನಿಯೇಲಿಗೆ ಸಹಿಸಲಾಗಲಿಲ್ಲ.

"ಕಾಣುತ್ತೆ," ಎಂದ.

"ದೇವರಾಣೆ?"

"ಕಾಣುತ್ತೆ ಅಂದ್ನಲ್ಲ."

"ಹಾಗಾದ್ರೆ ನಾನೂ ನೋಡಿರ್ತೀನಿ ಬಿಡಿ." ಎಲಿಂಗಾಯ ಮುಖ ಒರೆಸಿಕೊಂಡು ಹಗುರಾಗಿ ಅಂಗಳಕ್ಕೆ ನಡೆದ.

ಅಮಿನಿಯೇಲಿ ಅಲ್ಲೇ ನಿಂತ. ಅಂಗಳದಲ್ಲಿ ಯಾರೋ ಇನ್ನೂ ಹೇಳು ಎಂದು ಪೀಡಿಸಿದರು.

"ಬಿಸಿಲು ಬೀಳ್ತಿದ್ದ ಹಾಗೆ ಆ ಹಿಮ ಒಳಗೊಳಗೇ ಬಿರಿಯುತ್ತೆ, ಅಕ್ಕಾ," ಎನ್ನುತ್ತಿದ್ದ ಎಲಿಂಗಾಯ. "ಸುಮ್ನೆ ನಿಂತ್ರೆ ಆ ಸದ್ದು ಕೇಳ್ಸುತ್ತೆ."

ಐಕಾಂಡೆ ಹಾ ಎಂದು ಉಸಿರೆಳೆದದ್ದು ಬಾಳೆಗಿಡಗಳವರೆಗೂ ಕೇಳಿಸಿತು. ಸದ್ದಿನ ವಿಷಯ ಅಮಿನಿಯೇಲಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ.